ಮನ್ನೂಬಿಯಾ ಮುಚ್ಚಿಟ್ಟ ದಾರಿ

ಹೊಸ ಆಂಬುಲೆನ್ಸ್‌ಗಳು ಬಂದ ಮೂರನೇ ವಾರಕ್ಕೆ ನಮ್ಮೆಲ್ಲರ ಗುಟ್ಟು ರಟ್ಟಾಯಿತು.

ಅಲ್ಲಿಯವರೆಗೆ ನಮ್ಮ ಜಿಲ್ಲೆಗೆ ಇದ್ದದ್ದು ಐದೇ ಗಾಡಿ. ರಾಜಧಾನಿ ಟ್ಯುನಿಸ್‌ನಲ್ಲಿ ಕೂತವರಿಗೆ ನಮ್ಮ ಗುಡ್ಡಗಾಡು ನೆನಪಾಗುವುದು ಚಳಿಗಾಲದ ಹವಾಮಾನ ವರದಿಯಲ್ಲಿ ಮಾತ್ರ. ಒಂದು ಗಾಡಿಯ ಹಿಂಬಾಗಿಲನ್ನು ಹಗ್ಗ ಬಿಗಿದು ಮುಚ್ಚಬೇಕಿತ್ತು. ಇನ್ನೊಂದರ ಸೈರನ್ ಮೇಕೆ ಅರಚಿದ ಹಾಗಿತ್ತು. ಅದು ಹಳ್ಳಿಗೆ ನುಗ್ಗಿದರೆ ಜನ ದಾರಿ ಬಿಡುವ ಬದಲು ತಮ್ಮ ಮೇಕೆ ಎಲ್ಲಿ ಎಂದು ಹುಡುಕುತ್ತಿದ್ದರು. ವೈರ್‌ಲೆಸ್ ಇತ್ತು ನಿಜ. ಆದರೆ ಐನ್ ಸಫ್ಸಾಫ್ ಕ್ರಾಸ್ ದಾಟಿ ಕಣಿವೆಗೆ ಇಳಿದ ಮೇಲೆ ಅದರಲ್ಲಿ ಕೇಳುತ್ತಿದ್ದದ್ದು ಬಾಣಲೆಯಲ್ಲಿ ಮೀನು ಹುರಿಯುವ ಸದ್ದು.

ಆಮೇಲೆ ಒಂದೇ ಸಲಕ್ಕೆ ಎಂಟು ಹೊಸ ಗಾಡಿ ಬಂದವು. ತಾನಾಗಿಯೇ ಕಾಲು ಮಡಚಿಕೊಳ್ಳುವ ಸ್ಟ್ರೆಚರ್, ಎದೆಬಡಿತ ತೋರಿಸುವ ಪರದೆ, ಗುಡ್ಡದ ನೆತ್ತಿಗೆ ಹೊಸ ವೈರ್‌ಲೆಸ್ ಗೋಪುರ. ಪ್ರತಿ ಗಾಡಿಯಲ್ಲೂ ದಾರಿ ಹೇಳುವ ಒಂದು ಹೆಂಗಸಿನ ದನಿ. ಇವೆಲ್ಲದರ ಜೊತೆ ಸೀಟಿನ ಕೆಳಗೆ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಕೂರಿಸಿದ್ದರು. ಅದರ ಬಗ್ಗೆ ನಮಗೆ ಯಾರೂ ಹೆಚ್ಚು ಹೇಳಲಿಲ್ಲ. ನಾವೂ ಕೇಳಲಿಲ್ಲ.

ನಾನು ಲಸ್ಸಾದ್, ಗಾಡಿಯ ನರ್ಸ್. ನನ್ನ ಡ್ರೈವರ್ ಬಶೀರ್. ಅವನು ಸೀಟಿಗೆ ಏರಿದರೆ ಎಂಥ ಹೊಸ ಗಾಡಿಯೂ ಎಡಕ್ಕೆ ಒಂದಿಷ್ಟು ವಾಲುತ್ತದೆ. ಆ ದಿನ ನಮ್ಮ ನಿರ್ದೇಶಕರು ಎಲ್ಲ ಸಿಬ್ಬಂದಿಯನ್ನೂ ಕರೆಸಿದ್ದರು. ಅವರು ಸಿ ಶಾದ್ಲಿ. ಹೆಸರಿನ ಮುಂದೆ ಮರ್ಯಾದೆಯ ಆ 'ಸಿ' ಹಚ್ಚದೆ ಅವರನ್ನು ಅವರ ಹೆಂಡತಿಯೂ ಕರೆಯುವುದಿಲ್ಲ ಎಂದು ಪ್ರತೀತಿ. ಪಕ್ಕದಲ್ಲಿ ಒಲ್ಫಾ ನಿಂತಿದ್ದಳು. ಈ ಹೊಸ ವ್ಯವಸ್ಥೆಯನ್ನೆಲ್ಲ ಹೊತ್ತು ಟ್ಯುನಿಸ್‌ನಿಂದ ಬಂದಿದ್ದ ಇಂಜಿನಿಯರ್. ಮೂವತ್ತರ ಆಸುಪಾಸು, ಓಡಾಡುವುದಕ್ಕೇ ಹುಟ್ಟಿದವಳ ಹಾಗೆ ಸದಾ ಬೂಟು.

ಗೋಡೆಯ ಮೇಲೆ ಜಿಲ್ಲೆಯ ನಕ್ಷೆ ಬೆಳಗಿತು. ಅಲ್ಲಲ್ಲಿ ಒಂದೊಂದು ಕೆಂಪು ಚುಕ್ಕೆ. ಒಂದು ಕಡೆ ಮಾತ್ರ ಚುಕ್ಕೆಗಳು ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಗುಂಪಾಗಿದ್ದವು.

"ಗಾಡಿಗಳು ನಿಂತ ಜಾಗಗಳು ಇವು, ಸೀಟಿನ ಕೆಳಗಿನ ಪೆಟ್ಟಿಗೆ ಬರೆದಿಟ್ಟಿದ್ದು," ಎಂದಳು ಒಲ್ಫಾ. "ಐನ್ ಸಫ್ಸಾಫ್ ಕ್ರಾಸಲ್ಲಿ ಮೂರು ವಾರಕ್ಕೆ ಅರವತ್ತೆರಡು ಸಲ. ಅಷ್ಟೊಂದು ಕಾಯಿಲೆ ಬೀಳೋ ಮನೆ ಯಾವುದಪ್ಪಾ ಅದು?"

ಸಿ ಶಾದ್ಲಿ ಬಶೀರ್‌ನತ್ತ ನೋಡಿದರು.

"ಚಕ್ರ ಬಿಸಿಯಾಗತ್ತೆ ಮೇಡಂ," ಎಂದ ಬಶೀರ್. "ಏರು ಹತ್ತಿ ಬಂದಿರತ್ತಲ್ಲ. ಸ್ವಲ್ಪ ತಣ್ಣಗಾಗಲಿ ಅಂತ..."

"ಎಲ್ಲಾ ಗಾಡಿಯ ಚಕ್ರಾನೂ ಸರಿಯಾಗಿ ಹನ್ನೊಂದು ನಿಮಿಷಕ್ಕೆ ತಣ್ಣಗಾಗತ್ತಾ?"

"ಜಪಾನಿ ಗಾಡಿ ಅಲ್ವಾ ಮೇಡಂ. ಟೈಮ್ ಅಂದ್ರೆ ಟೈಮ್."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಒಲ್ಫಾಳ ತುಟಿಯೂ ಅರೆಕ್ಷಣ ಅಲುಗಿತು. "ಸರಿ. ನಾಳೆ ನಿಮ್ಮ ಗಾಡೀಲಿ ನಾನೂ ಬರ್ತೀನಿ. ಚಕ್ರ ಹೇಗೆ ತಣ್ಣಗಾಗತ್ತೆ ನೋಡೋಣ."

ಐನ್ ಸಫ್ಸಾಫ್ ಕ್ರಾಸಿನಲ್ಲಿ ಇದ್ದದ್ದು ಖಾಲ್ತಿ ಮನ್ನೂಬಿಯಾ. ಖಾಲ್ತಿ ಅಂದರೆ ಚಿಕ್ಕಮ್ಮ. ಸುತ್ತಲ ಹದಿನಾಲ್ಕು ಹಳ್ಳಿಗೂ ಆಕೆ ಚಿಕ್ಕಮ್ಮನೇ. ನೆಲದಲ್ಲಿ ಹೂತ ಮಣ್ಣಿನ ಒಲೆ, ತಬೂನಾ. ಅದರ ಒಳಗೋಡೆಗೆ ಹಿಟ್ಟನ್ನು ತಟ್ಟಿ ಅಂಟಿಸಿ, ಮೊಣಕೈವರೆಗೆ ಬೆಂಕಿಗೆ ಕೈ ಇಳಿಸಿ, ಉಬ್ಬಿದ ರೊಟ್ಟಿ ಎತ್ತುವಳು. ಆಲಿವ್ ಎಣ್ಣೆ, ಒಂದು ಮೊಟ್ಟೆ, ನಾಲಿಗೆ ಸುಡುವ ಹರೀಸಾ ಖಾರ. ತಿನ್ನುವುದಕ್ಕೆ ಹನ್ನೊಂದು ನಿಮಿಷ ಬೇಕು. ಒಂದೇ ಕೊರತೆ ಎಂದರೆ ರೊಟ್ಟಿ ಸಪ್ಪೆ. ನಾವೆಲ್ಲ ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡು, ಆಕೆ ಆ ಕಡೆ ತಿರುಗಿದಾಗ ಉದುರಿಸಿಕೊಳ್ಳುತ್ತಿದ್ದೆವು. ಎದುರಿಗೆ ಉಪ್ಪು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆದರೆ ನಾವು ನಿಲ್ಲುತ್ತಿದ್ದದ್ದು ರೊಟ್ಟಿಗಷ್ಟೇ ಅಲ್ಲ. ಆಕೆಯ ತೀರಿಹೋದ ಗಂಡ ಹಮ್ಮಾದಿ ಟೆಲಿಫೋನ್ ಇಲಾಖೆಯಲ್ಲಿ ತಂತಿ ಎಳೆಯುವ ಕೆಲಸಗಾರನಾಗಿದ್ದ. ಆ ಭಾಗಕ್ಕೆ ಮೊದಲ ತಂತಿ ಎಳೆದಾಗ ಮೊದಲ ಫೋನನ್ನು ತನ್ನ ಮನೆಗೇ ಹಾಕಿದ. "ಬೇರೆಯವರ ಗಂಡಂದಿರು ತೋಟ ಬಿಟ್ಟು ಹೋದ್ರು, ನನ್ನೋನು ತಂತಿ ಬಿಟ್ಟು ಹೋದ," ಎಂದು ಆಕೆ ನಗುತ್ತಿದ್ದಳು. ಕಣಿವೆಯಲ್ಲಿ ನಮ್ಮ ವೈರ್‌ಲೆಸ್ ಕೆಲಸ ಮಾಡದ್ದರಿಂದ ತುರ್ತು ಕರೆ ಕೇಂದ್ರದವರು ಆ ಮನೆಯ ಫೋನಿಗೆ ಕರೆ ಮಾಡುತ್ತಿದ್ದರು. ಮೊಬೈಲ್ ಬಂದ ಮೇಲೂ ಅದು ನಿಲ್ಲಲಿಲ್ಲ. ಅಲ್ಲಿ ಸಿಗ್ನಲ್ ಎನ್ನುವುದು ಹಬ್ಬಕ್ಕೊಮ್ಮೆ ಬರುವ ನೆಂಟ. ಕರೆ ಬಂದರೆ ಮನ್ನೂಬಿಯಾ ಅಂಜೂರದ ಮರಕ್ಕೆ ಕೆಂಪು ಬಟ್ಟೆ ಕಟ್ಟುವಳು. ಆ ದಾರಿಯಲ್ಲಿ ಬಂದ ಗಾಡಿ ನಿಲ್ಲಲೇಬೇಕು. ಹಿಟ್ಟಿನ ಕೈಯಲ್ಲೇ ಬೆರಳು ಚಾಚಿ ದಾರಿ ತೋರಿಸುವಳು.

"ಸಿದಿ ಬರ್ಹೂಮಲ್ಲಿ ಸಾಲ್ಹಾನ ಸೊಸೆಗೆ ನೋವು ಶುರುವಾಗಿದೆ. ಆಲಿವ್ ಗಾಣದ ಕಡೆಯಿಂದ ಹೋಗು. ನೀಲಿ ಬಾಗಿಲು. ನಾಯಿ ಇದೆ, ಬೊಗಳತ್ತೆ, ಕಚ್ಚಲ್ಲ. ಮಾವ ಇದಾನೆ, ಅವನೂ ಅಷ್ಟೇ."

ಹದಿನೆಂಟು ವರ್ಷ ಹೀಗೆಯೇ ನಡೆಯಿತು. ಸಂಬಳವಿಲ್ಲ, ಹುದ್ದೆಯಿಲ್ಲ. ಯಾರೂ ಕೇಳಿಕೊಂಡದ್ದೂ ಅಲ್ಲ.

ಮರುದಿನ ಬೆಳಿಗ್ಗೆ ಒಲ್ಫಾ ನಮ್ಮ ಜೊತೆ ಬಂದು ಅಲ್ಲಿ ಇಳಿದಾಗ ಮನ್ನೂಬಿಯಾ ಆಕೆಯನ್ನು ಬೂಟಿನಿಂದ ತಲೆಯವರೆಗೆ ಅಳೆದಳು.

"ರೋಗಿನಾ ಇವಳು?"

"ಅಲ್ಲ ಖಾಲ್ತಿ, ಇಂಜಿನಿಯರ್ ಮೇಡಂ," ಎಂದೆ ನಾನು.

"ರೋಗಿ ಥರಾನೇ ಇದಾಳೆ. ಕೂತ್ಕೋ ಮಗಳೇ. ಟ್ಯುನಿಸಲ್ಲಿ ಊಟ ಹಾಕಲ್ವಾ ನಿಂಗೆ?"

ಒಲ್ಫಾ ವಿಚಾರಣೆ ಮಾಡಲು ಬಂದವಳು. ಪಟ್ಟಿ ತೆಗೆದು ಮೊದಲ ಪ್ರಶ್ನೆ ಕೇಳುವ ಮೊದಲೇ ಕೈಗೆ ಬಿಸಿ ರೊಟ್ಟಿ ಬಂತು. ಎರಡನೆಯ ತುತ್ತಿಗೆ ಪಟ್ಟಿ ಬ್ಯಾಗಿನೊಳಗೆ ಹೋಯಿತು. ಆಮೇಲೆ ತನ್ನ ಕೈಯಲ್ಲಿದ್ದ ಪರದೆಯ ಮೇಲೆ ನಕ್ಷೆ ತೋರಿಸಿದಳು.

"ಇಷ್ಟೊಂದು ನೊಣ ಯಾಕೆ ಕೂತಿವೆ?" ಎಂದಳು ಮನ್ನೂಬಿಯಾ.

"ನೊಣ ಅಲ್ಲ ಖಾಲ್ತಿ. ನಿಮ್ಮ ರೊಟ್ಟಿ ತಿಂದವರು."

"ಹಾಗಾದ್ರೆ ನೊಣಾನೇ."

ಅಷ್ಟರಲ್ಲಿ ಹೊಸ ವೈರ್‌ಲೆಸ್ ಕೂಗಿತು. ಕನ್ನಡಿಯಷ್ಟು ನಿಚ್ಚಳ ದನಿ. ಸಿದಿ ಬರ್ಹೂಮಿನ ಜೇನು ಸಾಕುವ ತುಹಾಮಿಗೆ ಹತ್ತಾರು ಹುಳು ಕಚ್ಚಿವೆ, ಮುಖ ಊದಿದೆ, ಉಸಿರು ಕಟ್ಟುತ್ತಿದೆ. ಬಶೀರ್ ಅರ್ಧ ರೊಟ್ಟಿಯನ್ನು ಬಾಯಿಗೆ ತುರುಕಿಕೊಂಡು ಸೀಟಿಗೆ ಹಾರಿದ. ನಾನು, ಒಲ್ಫಾ ಹತ್ತಿದೆವು.

"ಗಾಣದ ದಾರಿ ಕಣೋ ಬಶೀರ!" ಹಿಂದಿನಿಂದ ಮನ್ನೂಬಿಯಾ ಕೂಗಿದಳು.

ಒಂದು ಕಿಲೋಮೀಟರ್ ಹೋದಮೇಲೆ ಗಾಡಿಯ ದನಿ ಬಹಳ ವಿನಯದಿಂದ ಹೇಳಿತು: "ಮುಂದೆ ಎಡಕ್ಕೆ ತಿರುಗಿ."

"ತಲೆ ಕೆಟ್ಟಿದೆ ಇವಳಿಗೆ," ಎಂದ ಬಶೀರ್. "ಎಡಗಡೆ ದಾರೀನೇ ಇಲ್ಲ. ಮಳೇಲಿ ಕೊಚ್ಕೊಂಡು ಹೋಗಿ ಹತ್ತು ವರ್ಷ ಆಯ್ತು. ಖಾಲ್ತಿ ಹೇಳಿದಾಳೆ."

"ಉಪಗ್ರಹದ ಚಿತ್ರದಲ್ಲಿ ದಾರಿ ಕಾಣ್ತಿದೆ," ಎಂದಳು ಒಲ್ಫಾ. "ಹೋದ ತಿಂಗಳು ತೆಗೆದದ್ದು."

"ಉಪಗ್ರಹ ಈ ದಾರೀಲಿ ಗಾಡಿ ಓಡಿಸಿದೆಯಾ?"

"ನೀವು ಓಡಿಸಿದೀರಾ?"

ಅವನು ಓಡಿಸಿರಲಿಲ್ಲ. ಆ ಹತ್ತು ವರ್ಷದಲ್ಲಿ ನಮ್ಮಲ್ಲಿ ಯಾರೂ ಓಡಿಸಿರಲಿಲ್ಲ. ಎಡಕ್ಕೆ ತಿರುಗಿಸಿದ, ಬೈಯುತ್ತಲೇ. ಮೊದಲು ಕುರುಚಲು ಪೊದೆ ಬಂತು. ಪೊದೆಯ ಹಿಂದೆ ಗಟ್ಟಿಯಾದ, ಜಲ್ಲಿ ಹಾಕಿದ, ಹಳ್ಳಕ್ಕೆ ಸಿಮೆಂಟಿನ ಮೋರಿ ಕಟ್ಟಿದ ಒಳ್ಳೆಯ ದಾರಿ. ಬಶೀರ್ ಬೈಯುವುದನ್ನು ನಿಲ್ಲಿಸಿದ. ದಾರಿ ಒಂದು ಮನೆಯ ಅಂಗಳವನ್ನು ಸವರಿಕೊಂಡೇ ಹೋಗುತ್ತಿತ್ತು. ಅಲ್ಲಿ ತಬೂನಾದ ಪಕ್ಕ ನಿಂತಿದ್ದ ಎತ್ತರದ ಮುದುಕಿಯೊಬ್ಬಳು ಸೈರನ್ ಕೇಳಿ ಸೊಂಟದ ಮೇಲೆ ಕೈಯಿಟ್ಟು ಕೂಗಿದಳು:

"ಅಂತೂ ಕಣ್ಣು ಬಿಟ್ರಾ! ಮೋರಿ ಕಟ್ಟಿ ಒಂಬತ್ತು ವರ್ಷ ಆಯ್ತು!"

ನಾವು ಮುಟ್ಟಿದಾಗ ತುಹಾಮಿಯ ತುಟಿ ನೀಲಿಗಟ್ಟಿತ್ತು, ಕಣ್ಣು ಊದಿ ಮುಚ್ಚಿಹೋಗಿದ್ದವು, ಗಂಟಲಿನಿಂದ ಸಿಳ್ಳೆಯಂಥ ಸದ್ದು. ತೊಡೆಗೆ ಅಡ್ರಿನಲಿನ್ ಚುಚ್ಚಿದೆ, ಆಮ್ಲಜನಕ ಇಟ್ಟೆ, ಡ್ರಿಪ್ ಏರಿಸಿದೆ. ಒಲ್ಫಾ ಬಾಟಲಿ ಹಿಡಿದು ನಿಂತಳು. ಸ್ವಲ್ಪ ಹೊತ್ತಿಗೆ ಸಿಳ್ಳೆ ನಿಂತು ಉಸಿರು ಬಂತು. ತುಹಾಮಿ ಆಡಿದ ಮೊದಲ ಮಾತು, "ಜೇನುಪೆಟ್ಟಿಗೆ ಮುಚ್ಚಿದ್ರಾ? ರಾಣಿ ಹಾರಿ ಹೋದ್ರೆ ಕಷ್ಟ."

ಆಸ್ಪತ್ರೆಗೆ ಮುಟ್ಟಿಸಿ, ಮಧ್ಯಾಹ್ನ ವಾಪಸು ಐನ್ ಸಫ್ಸಾಫಿಗೆ ಬಂದೆವು. ಮನ್ನೂಬಿಯಾ ಎದ್ದು ಬಂದಳು.

"ಬದುಕಿದ್ನಾ?"

"ಬದುಕಿದ," ಎಂದೆ.

"ದೇವರು ದೊಡ್ಡವನು. ಬೇಗ ಹೋದ್ರಿ ಅಲ್ವಾ?"

"ಬೇಗ ಹೋದ್ವಿ ಖಾಲ್ತಿ," ಎಂದ ಬಶೀರ್ ನೆಲ ನೋಡುತ್ತ. "ಎಡಕ್ಕೆ ತಿರುಗಿದ್ವಿ."

ಒಲೆಯೊಳಗಿನ ರೊಟ್ಟಿ ಸೀದ ವಾಸನೆ ಬಂತು. ಮನ್ನೂಬಿಯಾ ಅತ್ತ ತಿರುಗಲಿಲ್ಲ. ಆಕೆಯ ಒಲೆಯಲ್ಲಿ ರೊಟ್ಟಿ ಸೀದದ್ದನ್ನು ನಾನು ಅದೇ ಮೊದಲು ಕಂಡದ್ದು.

"ಎಷ್ಟು ಉಳೀತು?" ಎಂದು ಕೇಳಿದಳು.

ಒಲ್ಫಾ ಮೆಲ್ಲಗೆ ಹೇಳಿದಳು, "ಹನ್ನೆರಡು ನಿಮಿಷ."

ಮನ್ನೂಬಿಯಾ ಕುಕ್ಕರಿಸಿದಳು. ಆಮೇಲೆ ಹೇಳಿದ ಕಥೆ ನಮಗೂ ಹೊಸದು. ಹಮ್ಮಾದಿಗೆ ಎದೆನೋವು ಬಂದ ದಿನ ಆಕೆಯೇ ಫೋನ್ ಮಾಡಿದ್ದಳು. ಜಿಲ್ಲೆಯಲ್ಲಿ ಐನ್ ಸಫ್ಸಾಫ್ ಎರಡಿವೆ. ಗಾಡಿ ಅಣೆಕಟ್ಟಿನ ಹತ್ತಿರದ ಇನ್ನೊಂದಕ್ಕೆ ಹೋಯಿತು. ಇಲ್ಲಿಗೆ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಅಂದಿನಿಂದ ಆಕೆ ರಸ್ತೆಗೆ ಬಂದು ನಿಂತದ್ದು, ಇನ್ನು ಯಾವ ಗಾಡಿಯೂ ದಾರಿ ತಪ್ಪಬಾರದು ಎಂದು.

"ಮತ್ತೆ ಈ ದಾರಿ ಯಾಕೆ ಮುಚ್ಚಿಟ್ರಿ ಖಾಲ್ತಿ?" ಎಂದಳು ಒಲ್ಫಾ.

"ಆ ಅಂಗಳದಲ್ಲಿ ಒಬ್ಬಳು ಇದಾಳಲ್ಲ, ಸಲೂಹಾ. ನನ್ನ ನಾದಿನಿ. ಅಣ್ಣನ್ನ ಮಣ್ಣು ಮಾಡಿ ಬಂದ ದಿನ, ಊರವರ ಎದುರಿಗೆ ಅಂದ್ಳು, 'ನಿನ್ನ ಅಡುಗೆ ಉಪ್ಪೇ ನನ್ನಣ್ಣನ್ನ ತಿಂದಿದ್ದು' ಅಂತ. ಅವತ್ತಿಂದ ಮಾತಿಲ್ಲ. ದಾರಿ ಕೊಚ್ಕೊಂಡು ಹೋಗಿದ್ದು ನಿಜಾನೇ. ರಿಪೇರಿ ಆಗಿದ್ದು ಮಾತ್ರ..." ಆಕೆ ಸೆರಗಿನಂತೆ ಹೊದ್ದ ಬಟ್ಟೆಯ ಅಂಚಿನಲ್ಲಿ ಮೂಗು ಒರೆಸಿಕೊಂಡಳು. "ಬಾಯಿಂದ ಹೊರಗೆ ಬರ್ಲಿಲ್ಲ. ನೀವು ಆ ಕಡೆ ಹೋದ್ರೆ ಅವಳ ಅಂಗಳದಲ್ಲಿ ನಿಲ್ತೀರಿ. ಅವಳ ರೊಟ್ಟಿ ತಿಂತೀರಿ. ಅವಳ ರೊಟ್ಟಿ ಚೆನ್ನಾಗಿರತ್ತೆ ಕಣ್ರೋ."

ಬಶೀರ್ ಮೊಣಕಾಲೂರಿ ಆಕೆಯ ಪಕ್ಕ ಕೂತ. ಜೇಬಿನಿಂದ ಕರವಸ್ತ್ರ ಎಳೆದ. ಅದರ ಜೊತೆ ಉಪ್ಪಿನ ಪೊಟ್ಟಣವೂ ಜಾರಿ ಆಕೆಯ ಮಡಿಲಿಗೆ ಬಿತ್ತು.

ಮನ್ನೂಬಿಯಾ ಅದನ್ನು ಬಿಚ್ಚಿ ನೋಡಿದಳು, ನಾಲಿಗೆಗೆ ಹಚ್ಚಿದಳು. "ಎಷ್ಟು ವರ್ಷದಿಂದ?"

"ಎಲ್ಲಾ ಡ್ರೈವರ್‌ಗಳ ಹತ್ರಾನೂ ಇದೆ ಖಾಲ್ತಿ," ಎಂದ ಬಶೀರ್, ಅಪರಾಧಿಯ ದನಿಯಲ್ಲಿ. "ಬರೀ ನನ್ನ ಹತ್ರ ಅಲ್ಲ."

ಅಳುವುದರ ನಡುವೆ ಆಕೆಗೆ ನಗು ಬಂತು. ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು. ನಾನು ನೀರು ಕುಡಿಸಬೇಕಾಯಿತು.

ಎರಡು ದಿನ ಬಿಟ್ಟು ಆಕೆ ಬಶೀರ್‌ಗೆ, "ನನ್ನನ್ನ ಸಲೂಹಾ ಮನೆಗೆ ಬಿಡು," ಎಂದಳು. ಬಶೀರ್ ಸೀಟಿನ ಕೆಳಗಿನ ಪೆಟ್ಟಿಗೆಯತ್ತ ಬೆರಳು ತೋರಿಸಿದ. "ಈಗ ಇದು ಎಲ್ಲಾ ಚಾಡಿ ಹೇಳತ್ತೆ ಖಾಲ್ತಿ. ರೋಗಿ ಅಲ್ದಿದ್ರೆ ಹತ್ತಿಸೋ ಹಾಗಿಲ್ಲ."

"ಅಲ್ಲಿಗೆ ಮುಟ್ಟೋಷ್ಟರಲ್ಲಿ ರೋಗಿ ಆಗಿರ್ತೀನಿ ಬಿಡು."

ಕೊನೆಗೆ ಒಲ್ಫಾ ತನ್ನ ಕಾರಿನಲ್ಲಿ ಕರೆದೊಯ್ದಳು. ನನಗೆ ಅವತ್ತು ರಜೆ. ಇಂಥದ್ದನ್ನು ತಪ್ಪಿಸಿಕೊಳ್ಳುವ ಆಸಾಮಿ ನಾನಲ್ಲ, ಹಿಂದಿನ ಸೀಟಿನಲ್ಲಿ ಕೂತೆ. ಮನ್ನೂಬಿಯಾಳ ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ ಇದ್ದವು.

ಸಲೂಹಾ ಅಂಗಳದಲ್ಲೇ ಇದ್ದಳು. ಹಣೆಯ ಮೇಲೆ ಕೈ ಅಡ್ಡ ಹಿಡಿದು, "ಯಾರಿದು? ನಂಗೆ ಕಣ್ಣು ಸರಿಯಾಗಿ ಕಾಣಲ್ಲ," ಎಂದಳು. ಅರ್ಧ ಕಿಲೋಮೀಟರ್ ದೂರದಿಂದ ಕಾರಿನ ಬಣ್ಣ ಹೇಳಬಲ್ಲ ಹೆಂಗಸು ಅವಳು.

"ಇಲ್ಲಿ ದಾರಿ ಇದೆ ಅಂತ ಹೇಳೋಕೆ ಬಂದೆ," ಎಂದಳು ಮನ್ನೂಬಿಯಾ.

"ದಾರಿ ಇಲ್ಲೇ ಇತ್ತು. ನೀನೇ ಇರ್ಲಿಲ್ಲ."

ಮನ್ನೂಬಿಯಾ ಗಂಟು ಬಿಚ್ಚಿ ರೊಟ್ಟಿ ಮುಂದೆ ಹಿಡಿದಳು. ಸಲೂಹಾ ಒಂದು ಚೂರು ಮುರಿದು ಬಹಳ ಹೊತ್ತು ಅಗಿದಳು. ಅಗಿಯುತ್ತಿದ್ದ ಬಾಯಿ ನಿಂತಿತು.

"ಇದರಲ್ಲಿ ಉಪ್ಪೇ ಇಲ್ವಲ್ಲೇ."

"ಹದಿನೆಂಟು ವರ್ಷದಿಂದ ಇಲ್ಲ."

"ಕತ್ತೆ," ಎಂದಳು ಸಲೂಹಾ. "ನಾನು ಸಂಕಟದಲ್ಲಿ ಒಂದು ಮಾತಂದೆ. ನೀನು ಅದನ್ನೇ ಕಲಸಿ ಬೇಯಿಸ್ಕೊಂಡು ಕೂತ್ಯಾ?" ಆಮೇಲೆ ಇಬ್ಬರೂ ತಬ್ಬಿಕೊಂಡು ಅತ್ತ ಅಳುವಿಗೆ ಅಂಗಳದ ಕೋಳಿಗಳೆಲ್ಲ ಬೇಲಿ ಹಾರಿದವು.

ಆ ವಾರವೆಲ್ಲ ಒಲ್ಫಾ ಈ ಇಬ್ಬರ ನಡುವೆ ಕೂತು ನಕ್ಷೆ ತಿದ್ದಿದಳು. ಸರ್ಕಾರಿ ನಕ್ಷೆಯಲ್ಲಿ ಬರೀ ಅಂಕಿಗಳಿದ್ದ ಕಡೆ ಹೆಸರು ತುಂಬಿದಳು. ಅದೂ ಸುಲಭವಾಗಿರಲಿಲ್ಲ.

"ಅದು ಸತ್ತ ಕತ್ತೆ ತಿರುವು," ಎನ್ನುವಳು ಮನ್ನೂಬಿಯಾ.

"ಕತ್ತೆ ಸತ್ತಿದ್ದು ಅದರ ಆಚೆ ತಿರುವಲ್ಲಿ. ಕತ್ತೆ ನಮ್ಮದು, ನಂಗೊತ್ತಿಲ್ವಾ?" ಎನ್ನುವಳು ಸಲೂಹಾ.

ಎರಡು ಐನ್ ಸಫ್ಸಾಫ್‌ಗಳಲ್ಲಿ ಒಂದು ಈಗ 'ಅಣೆಕಟ್ಟಿನ ಐನ್ ಸಫ್ಸಾಫ್', ಇನ್ನೊಂದು 'ತಬೂನಾ ಐನ್ ಸಫ್ಸಾಫ್'. ಗಾಡಿಯೊಳಗಿನ ದನಿ ಇಂದಿಗೂ ವಾರ್ತೆ ಓದುವವರ ಗಾಂಭೀರ್ಯದಲ್ಲಿ ಹೇಳುತ್ತದೆ: "ಸತ್ತ ಕತ್ತೆಯ ತಿರುವಿನ ನಂತರ ಎಡಕ್ಕೆ ಹೊರಳಿ." ಬಶೀರ್ ಪ್ರತಿ ಸಲವೂ "ಆಗಲಿ ಮೇಡಂ" ಅನ್ನುತ್ತಾನೆ.

ಹೊಸ ಆಂಬುಲೆನ್ಸ್ ಠಾಣೆಯನ್ನು ಸೇತುವೆಯ ಹತ್ತಿರದ ಬಯಲಿನಲ್ಲಿ ಕಟ್ಟುವುದೆಂದು ಮೊದಲೇ ತೀರ್ಮಾನವಾಗಿತ್ತು. ಒಲ್ಫಾ ಲೆಕ್ಕ ಹಾಕಿ ನೋಡಿದಳು. ಎಡದ ದಾರಿಯನ್ನು ಸೇರಿಸಿಕೊಂಡರೆ ಐನ್ ಸಫ್ಸಾಫ್ ಕ್ರಾಸಿನಿಂದ ಹದಿನಾಲ್ಕು ಹಳ್ಳಿಗೂ ಕಾಲು ಗಂಟೆಯೊಳಗೆ ಮುಟ್ಟಬಹುದು. ಸೇತುವೆಯಿಂದಾದರೆ ಎಂಟಕ್ಕೆ ಮಾತ್ರ. ಸಿ ಶಾದ್ಲಿ ನಕ್ಷೆಯ ಚುಕ್ಕೆಗಳನ್ನು ನೋಡಿ ಕನ್ನಡಕ ಒರೆಸಿದರು. "ಅಂದ್ರೆ ನಮ್ಮ ಹುಡುಗರು ಇಷ್ಟು ವರ್ಷ ಸರಿಯಾದ ಜಾಗದಲ್ಲೇ ಚಕ್ರ ತಣ್ಣಗೆ ಮಾಡ್ತಿದ್ರು ಅನ್ನಿ," ಎಂದರು. ಮನ್ನೂಬಿಯಾಳ ಮನೆಯ ಎದುರಿಗೇ ಠಾಣೆ ಎದ್ದಿತು. ಎರಡು ಗಾಡಿಗೆ ಜಾಗ, ಔಷಧಿಯ ಕೋಣೆ, ಸಿಬ್ಬಂದಿಗೆ ಮಂಚ, ಗೋಡೆಗೆ ಧ್ವನಿವರ್ಧಕ ಇಟ್ಟ ವೈರ್‌ಲೆಸ್.

ಉದ್ಘಾಟನೆಗೆ ರಾಜಧಾನಿಯಿಂದ ದೊಡ್ಡ ಅಧಿಕಾರಿಯೊಬ್ಬರು ಬಂದರು. ಗೇಟಿಗೆ ಅಡ್ಡವಾಗಿ ಕೆಂಪು ರಿಬ್ಬನ್, ಒಳಗೆ ಮಿರಮಿರ ಹೊಳೆಯುವ ಗಾಡಿ. ಮುಂದಿನ ಸಾಲಿನಲ್ಲಿ ಮನ್ನೂಬಿಯಾ, ಸಲೂಹಾ ಹಬ್ಬದ ಬಟ್ಟೆಯಲ್ಲಿ. ಅಧಿಕಾರಿ ಕತ್ತರಿ ಕೈಯಲ್ಲಿ ಹಿಡಿದೇ ಭಾಷಣ ಶುರುಮಾಡಿದರು. ಇಪ್ಪತ್ತು ನಿಮಿಷವಾದರೂ ಅವರು ನಮ್ಮ ಜಿಲ್ಲೆಗೆ ಬಂದು ಮುಟ್ಟಿರಲಿಲ್ಲ. ಇನ್ನೂ ಸ್ವಾತಂತ್ರ್ಯ ಬಂದ ವರ್ಷದಲ್ಲಿದ್ದರು. "ತುರ್ತು ಸೇವೆಯಲ್ಲಿ ಒಂದೊಂದು ನಿಮಿಷವೂ..." ಎನ್ನುವಾಗ ವೈರ್‌ಲೆಸ್ ಕೂಗಿತು. ಸಿದಿ ಬರ್ಹೂಮಿನಲ್ಲಿ ಹೆರಿಗೆ ನೋವು, ನೀರಿನ ಚೀಲ ಒಡೆದಿದೆ.

ನಾನು, ಬಶೀರ್ ಗಾಡಿ ಏರಿದೆವು. ಎಂಜಿನ್ ಗುರುಗುಟ್ಟಿತು. ಬಶೀರ್ ರಿಬ್ಬನ್ ನೋಡಿದ, ಅಧಿಕಾರಿಯನ್ನು ನೋಡಿದ, ಸಿ ಶಾದ್ಲಿಯನ್ನು ನೋಡಿದ. ಸಿ ಶಾದ್ಲಿ ಆಕಾಶ ನೋಡುತ್ತಿದ್ದರು.

ಮನ್ನೂಬಿಯಾ ಕುರ್ಚಿಯಿಂದ ಎದ್ದಳು. "ಲೋ ಬಶೀರ! ಅದೇನು ಕಬ್ಬಿಣದ ಸರಪಳೀನೇನೋ? ನಡಿ!"

ಬಶೀರ್ ನಡೆದ. ರಿಬ್ಬನ್ ಬಾನೆಟ್ಟಿಗೆ ಸುತ್ತಿಕೊಂಡು, ಮದುವೆ ಗಾಡಿಯ ಹಾಗೆ ಪಟಪಟ ಹಾರುತ್ತ ನಮ್ಮ ಜೊತೆಗೇ ಬಂತು. ಅಧಿಕಾರಿಯ ಕೈಯಲ್ಲಿ ಕತ್ತರಿ ಅನಾಥವಾಯಿತಂತೆ. ಸಲೂಹಾ ಅದನ್ನು ಇಸಿದುಕೊಂಡು, "ಕೊಡಿ ಇತ್ಲಾಗೆ, ಮೆಣಸಿನಕಾಯಿ ಹೆಚ್ಚೋಕೆ ಆಗತ್ತೆ," ಎಂದಳಂತೆ. ಠಾಣೆಯ ಅಂಗಳದಲ್ಲಿ ಹೊಸದಾಗಿ ಹೂತ ತಬೂನಾದಿಂದ ರೊಟ್ಟಿ ಬಂದ ಮೇಲೆ ಭಾಷಣದ ಉಳಿದ ಭಾಗವನ್ನು ಯಾರೂ ಕೇಳಲಿಲ್ಲ, ಅಧಿಕಾರಿಯೂ ನೆನಪಿಸಲಿಲ್ಲ.

ಆ ಮಗು ಆಸ್ಪತ್ರೆಯವರೆಗೆ ಕಾಯಲಿಲ್ಲ. ವಾಪಸು ಬರುವಾಗ ಮೋರಿಯ ಹತ್ತಿರ ಗಾಡಿ ನಿಲ್ಲಿಸಿ ನಾನೇ ಹೆರಿಗೆ ಮಾಡಿಸಿದೆ. ಹೆಣ್ಣುಮಗು, ಮುಷ್ಟಿ ಬಿಗಿಹಿಡಿದು ಬಂದಳು. ವೇಳೆ ಬರೆಸಲೆಂದು ವೈರ್‌ಲೆಸ್ ಗುಂಡಿ ಒತ್ತಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಕಿರುಚಿದಳು. ಆ ಕಿರುಚಾಟ ಗೋಪುರ ಹತ್ತಿ ಇಳಿದು, ಠಾಣೆಯ ಧ್ವನಿವರ್ಧಕದಲ್ಲಿ ಅತಿಥಿಗಳ ತಟ್ಟೆಗಳ ಮೇಲೆ ಒಡೆಯಿತು. ಎಲ್ಲರೂ ಅಗಿಯುವುದನ್ನು ನಿಲ್ಲಿಸಿದರಂತೆ.

ಮನ್ನೂಬಿಯಾ ಅಧಿಕಾರಿಯತ್ತ ವಾಲಿ ಹೇಳಿದಳಂತೆ, "ಕೇಳಿಸ್ತಾ ಸ್ವಾಮಿ? ಭಾಷಣ ಅಂದ್ರೆ ಹೀಗಿರಬೇಕು."